‘ಮೈಟಿ’ (mighty) ಎಂಬ ಇಂಗ್ಲಿಷ್ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್‌ನಲ್ಲಿ ಬಲವನ್ನು ಹೇಳುವ ಪದಗಳಿಗೆ ಬರವಿಲ್ಲ. ಸ್ಟ್ರಾಂಗ್, ಪವರ್‌ಫುಲ್ ಇವೆಲ್ಲ ನಮ್ಮ ದಿನನಿತ್ಯದ ಕನ್ನಡದಲ್ಲೂ ಸೇರಿಹೋಗಿವೆ. ‘ಮೈಟಿ’ ಮಾತ್ರ ಹಾಗಲ್ಲ. ಕಥೆಯಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ, ಬೈಬಲ್‌ನಲ್ಲಿ, ಪ್ರವಾಸದ ಜಾಹೀರಾತಿನಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆದರೆ ನಾವೇ ಒಂದು ವಾಕ್ಯ ಬರೆಯಲು ಕೂತಾಗ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅಂತ ಗೊಂದಲವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಅನುವಾದ ಮಾಡುವವರು, ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಒಂದೇ ಮಾತಿನಲ್ಲಿ ಹೇಳಿ, ‘ಮೈಟಿ’ ಅಂದರೆ ಏನು?

ತುಂಬಾ ಬಲವುಳ್ಳದ್ದು, ಜೊತೆಗೆ ನೋಡಿದವರಲ್ಲಿ ಬೆರಗು ಹುಟ್ಟಿಸುವಷ್ಟು ದೊಡ್ಡದು.

ಈ ಎರಡನೆಯ ಭಾಗವನ್ನು ಬಿಡಬೇಡಿ. ಬರೀ ಬಲ ಇದ್ದರೆ ಸಾಲದು. ಆ ಬಲ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು, ಎದುರಿಗೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ‘ಮೈಟ್’ ಎಂಬ ನಾಮಪದಕ್ಕೆ ಬಲ, ಶಕ್ತಿ ಎಂಬ ಅರ್ಥ. ಅದರ ಕೊನೆಗೆ ‘ವೈ’ ಅಕ್ಷರ ಸೇರಿದಾಗ ‘ಮೈಟಿ’ ಎಂಬ ಗುಣವಾಚಕ ಸಿಗುತ್ತದೆ.

‘ಪವರ್‌ಫುಲ್’, ‘ಸ್ಟ್ರಾಂಗ್’ ಇರುವಾಗ ಇನ್ನೊಂದು ಪದ ಯಾಕೆ? ಮೂರೂ ಒಂದೇ ಅಲ್ವಾ?

ಅಲ್ಲ. ಮೂರೂ ಬಲದ ಮಾತನ್ನೇ ಆಡುತ್ತವೆ, ಆದರೆ ಬೇರೆ ಬೇರೆ ಬಗೆಯ ಬಲ.

‘ಸ್ಟ್ರಾಂಗ್’ ಎಂದರೆ ಗಟ್ಟಿ. ಎಳೆದರೆ ಹರಿಯದ ಹಗ್ಗ, ಮಳೆಗೆ ಕುಸಿಯದ ಗೋಡೆ, ಕಷ್ಟಕ್ಕೆ ಜಗ್ಗದ ಮನಸ್ಸು, ಇವೆಲ್ಲ ಸ್ಟ್ರಾಂಗ್. ರುಚಿ ಅಥವಾ ವಾಸನೆ ಗಾಢವಾಗಿದ್ದರೂ ಇದೇ ಪದ. ಹಾಗಾಗಿ ನಾವು ಸ್ಟ್ರಾಂಗ್ ಕಾಫಿ ಕೇಳುತ್ತೇವೆ.

‘ಪವರ್‌ಫುಲ್’ ಎಂದರೆ ಪರಿಣಾಮ ಮಾಡುವ ಶಕ್ತಿ ಇರುವಂಥದ್ದು. ಆ ಶಕ್ತಿ ಹೊರಗೆ ಕಾಣಲೇಬೇಕು ಅಂತಿಲ್ಲ. ಉಗುರಿನಷ್ಟು ಪುಟ್ಟ ಚಿಪ್ ಪವರ್‌ಫುಲ್ ಆಗಿರಬಹುದು. ಸಣ್ಣ ಕೋಣೆಯಲ್ಲಿ ಕೂತು ಒಂದು ಸಹಿಯಿಂದ ದೊಡ್ಡ ಕೆಲಸವನ್ನೇ ನಿಲ್ಲಿಸುವ ಅಧಿಕಾರಿಯೂ ಪವರ್‌ಫುಲ್. ನಮ್ಮ ಜನ ‘ಆ ಊರಿನ ದೇವರು ಬಹಳ ಪವರ್‌ಫುಲ್’ ಅನ್ನುತ್ತಾರಲ್ಲ, ಅದೂ ಸರಿಯಾದ ಬಳಕೆಯೇ. ಬೇಡಿಕೊಂಡರೆ ಫಲ ಕೊಡುವ ದೇವರು ಎಂಬ ಅರ್ಥ ಅದರಲ್ಲಿದೆ.

‘ಮೈಟಿ’ಗೆ ಫಲ ಮುಖ್ಯವಲ್ಲ, ನೋಟ ಮುಖ್ಯ. ಒಂದು ಸಹಿಯಿಂದ ಕೆಲಸ ನಿಲ್ಲಿಸುವ ಅಧಿಕಾರಿಯನ್ನು ‘ಮೈಟಿ’ ಎಂದರೆ ಇಂಗ್ಲಿಷ್ ಬಲ್ಲವರು ಅದನ್ನು ಕುಚೋದ್ಯ ಎಂದುಕೊಳ್ಳುತ್ತಾರೆ. ದಂಡೆತ್ತಿ ಬರುವ ಸೈನ್ಯ, ಎರಡೂ ದಡ ಮೀರಿ ಹರಿಯುವ ನದಿ, ಗಡ ಗಡ ನಡುಗಿಸುವ ಗುಡುಗು, ಇವುಗಳಿಗೆ ‘ಮೈಟಿ’ ಒಪ್ಪುತ್ತದೆ.

ಯಾವ ಪದದ ಜೊತೆ ಯಾವ ಪದ ಕೂರುತ್ತದೆ ಎಂಬುದಕ್ಕೆ ಎಷ್ಟೋ ಸಲ ಕಾರಣವೇ ಇರುವುದಿಲ್ಲ. ಅದು ಬಳಕೆಯಿಂದ ಬಂದದ್ದು. ಬ್ರಿಟಿಷ್ ಭಾಷಾತಜ್ಞ ಎಂ.ಎ.ಕೆ. ಹ್ಯಾಲಿಡೇ 1960ರ ದಶಕದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ಈಗಲೂ ತರಗತಿಗಳಲ್ಲಿ ಓಡುತ್ತದೆ. ವಾದ ಸ್ಟ್ರಾಂಗ್ ಆಗಬಹುದು, ಪವರ್‌ಫುಲ್ ಕೂಡ ಆಗಬಹುದು. ಆದರೆ ಟೀ ಸ್ಟ್ರಾಂಗ್ ಮಾತ್ರ, ಕಾರು ಪವರ್‌ಫುಲ್ ಮಾತ್ರ. ಅದಲು ಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಕಿವಿಗೆ ಮಾತ್ರ ಒಗ್ಗುವುದಿಲ್ಲ. ‘ಮೈಟಿ’ಯ ಕಥೆಯೂ ಹೀಗೆಯೇ. ನಿಯಮ ಹುಡುಕುವುದಕ್ಕಿಂತ ಜೋಡಿಗಳನ್ನು ಗಮನಿಸುವುದು ಒಳ್ಳೆಯದು.

ಹಾಗಾದರೆ ಯಾವ ಪದಗಳ ಜೊತೆ ಬರುತ್ತದೆ?

ಪ್ರಕೃತಿಯ ದೊಡ್ಡ ಸಂಗತಿಗಳ ಜೊತೆ: ರಿವರ್, ಓಷನ್, ವಿಂಡ್, ಮೌಂಟನ್, ಓಕ್ ಮರ. ಅಮೆರಿಕದವರು ತಮ್ಮ ದೊಡ್ಡ ನದಿಯನ್ನು ‘ಮೈಟಿ ಮಿಸ್ಸಿಸ್ಸಿಪ್ಪಿ’ ಎಂದೇ ಕರೆಯುತ್ತಾರೆ. ಸುಮಾರು 3,700 ಕಿಲೋಮೀಟರ್ ಹರಿಯುವ ನದಿಗೆ ಆ ಮಾತು ಸಲ್ಲುತ್ತದೆ. ಎರಡೂ ಪದ ‘ಮ’ದಿಂದಲೇ ಶುರುವಾಗುವುದರಿಂದ ನಾಲಿಗೆಗೂ ಹಿತ.

ಯುದ್ಧ ಮತ್ತು ರಾಜ್ಯದ ಜೊತೆ: ಆರ್ಮಿ, ಎಂಪೈರ್, ಕಿಂಗ್, ವಾರಿಯರ್. ಶಬ್ದ ಮತ್ತು ಏಟಿನ ಜೊತೆ: ರೋರ್, ಬ್ಲೋ, ಕ್ರಿಕೆಟ್‌ನಲ್ಲಿ ಸಿಕ್ಸ್.

ಮಾತ್ರೆ, ಬ್ಯಾಟರಿ, ಲೆನ್ಸ್, ಇಂಜಿನ್, ಪಾಸ್‌ವರ್ಡ್, ಇವುಗಳ ಜೊತೆ ಬರುವುದಿಲ್ಲ. ಜಾಹೀರಾತು ಬರೆಯುವವರು ಬೇಕೆಂದೇ ಹಾಕುತ್ತಾರೆ, ಅದು ಬೇರೆ ಮಾತು.

ಕನ್ನಡಕ್ಕೆ ತರುವಾಗ ‘ಬಲಿಷ್ಠ’ ಅಂತ ಹಾಕಿದರೆ ಸಾಕಲ್ವಾ?

ಸಾಲದು. ನನಗೆ ಈ ಪುಟದಲ್ಲಿ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ನಿಘಂಟು ತೆರೆದರೆ ಬಲಿಷ್ಠ, ಪ್ರಬಲ, ಶಕ್ತಿಶಾಲಿ ಎಂದು ಸಾಲಾಗಿ ಸಿಗುತ್ತವೆ. ಮೊದಲು ಕಂಡದ್ದನ್ನು ಎತ್ತಿ ಎಲ್ಲ ಕಡೆ ಅಂಟಿಸಿದರೆ ‘ಬಲಿಷ್ಠ ನದಿ’, ‘ಶಕ್ತಿಶಾಲಿ ಮರ’, ‘ಪ್ರಬಲ ಪರ್ವತ’ ಥರದ ಮಾತು ಹುಟ್ಟುತ್ತವೆ. ಯಾವ ಕನ್ನಡಿಗ ಹೀಗೆ ಮಾತಾಡುತ್ತಾನೆ ಹೇಳಿ. ‘ಮೈಟಿ’ ಯಾವುದರ ಪಕ್ಕದಲ್ಲಿ ನಿಂತಿದೆ ಎಂದು ಮೊದಲು ನೋಡಬೇಕು. ಆಮೇಲೆ ಕನ್ನಡ ಪದ ಹುಡುಕಬೇಕು.

ಮನುಷ್ಯರಿಗಾದರೆ ಪರಾಕ್ರಮಿ, ಪ್ರತಾಪಿ, ಬಲಶಾಲಿ, ಬಲ್ಲಿದ, ಕಲಿ ಎಂದೆಲ್ಲ ಇವೆ. ರಾಜನಿಗೆ ಪರಾಕ್ರಮಿ ಒಪ್ಪುತ್ತದೆ. ರಾಜ್ಯಕ್ಕೆ ಬಲಾಢ್ಯ ಒಪ್ಪುತ್ತದೆ. ಸೈನ್ಯಕ್ಕೆ ‘ಭಾರೀ ದಂಡು’ ಎಂದರೂ ಆಯಿತು, ‘ಮಹಾಸೇನೆ’ ಎಂದರೂ ಆಯಿತು.

ಮರ, ಅಲೆ, ಬಂಡೆ, ಹುಲಿ ಬಂದಾಗ ಕನ್ನಡಕ್ಕೆ ತನ್ನದೇ ಒಂದು ಸೊಗಸಾದ ದಾರಿ ಇದೆ. ‘ಹಿರಿದು’ ಎಂಬುದು ಮುಂದಿನ ಪದದ ಜೊತೆ ಸೇರಿ ಒಂದೇ ಪದವಾಗುತ್ತದೆ. ಹೆಮ್ಮರ, ಹೆದ್ದೆರೆ, ಹೆಬ್ಬಂಡೆ, ಹೆಬ್ಬುಲಿ. ಇಂಗ್ಲಿಷ್‌ನವರು ‘ಮೈಟಿ ಓಕ್’ ಎಂದಾಗ ಅವರ ಮನಸ್ಸಿನಲ್ಲಿ ಬರುವ ಚಿತ್ರ ನಮ್ಮ ಹೆಮ್ಮರದ್ದೇ. ಅದಕ್ಕೆ ಮತ್ತೆ ‘ಬಲಿಷ್ಠವಾದ’ ಎಂದು ಸೇರಿಸುವ ಅಗತ್ಯವೇ ಇಲ್ಲ. ಹಳೆಯ ಶಾಸನಗಳಲ್ಲಿ ಕೃಷ್ಣಾ ನದಿಯನ್ನು ಪೆರ್ದೊರೆ ಎಂದು ಕರೆದಿರುವುದುಂಟು. ಅದೇ ಹೆದ್ದೊರೆ, ಅಂದರೆ ಹಿರಿಯ ಹೊಳೆ. ‘ಮೈಟಿ ರಿವರ್’ ಎಂಬುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಚೆನ್ನಾಗಿ ಹೇಳುವ ಪದ ನಮ್ಮಲ್ಲೇ ಇದೆ. ಗಾಳಿಗೆ ಬಂದರೆ ಬಿರುಗಾಳಿ ಇದೆ.

ಇನ್ನು ಕೆಲವು ಕಡೆ ಗುಣವಾಚಕವನ್ನೇ ಬಿಟ್ಟು ಕ್ರಿಯೆಯನ್ನು ಹಿಡಿಯಬೇಕು. ಪ್ರವಾಸದ ಪುಸ್ತಿಕೆಗಳಲ್ಲಿ ‘ದ ಮೈಟಿ ಜೋಗ್ ಫಾಲ್ಸ್’ ಎಂದು ಬರೆಯುವುದುಂಟು. ಶರಾವತಿ ಅಲ್ಲಿ 253 ಮೀಟರ್ ಕೆಳಕ್ಕೆ ಬೀಳುತ್ತಾಳೆ. ‘ಶಕ್ತಿಶಾಲಿ ಜೋಗ’ ಎಂದರೆ ಏನೂ ಕಾಣುವುದಿಲ್ಲ. ‘ಭೋರ್ಗರೆಯುವ ಜೋಗ’, ‘ಧುಮ್ಮಿಕ್ಕುವ ಜೋಗ’ ಎಂದರೆ ನೀರು ಕಣ್ಣೆದುರು ಬಂದು ನಿಲ್ಲುತ್ತದೆ. ಕ್ರಿಕೆಟ್‌ನ ‘ಮೈಟಿ ಸಿಕ್ಸ್’ ಕೂಡ ಹಾಗೆಯೇ. ‘ಬಲಿಷ್ಠ ಸಿಕ್ಸರ್’ ಅನ್ನುವುದಕ್ಕಿಂತ ‘ಭರ್ಜರಿ ಸಿಕ್ಸರ್’ ಎನ್ನಿ. ಇಲ್ಲವೇ ಚೆಂಡು ಎಲ್ಲಿಗೆ ಹೋಗಿ ಬಿತ್ತು ಎಂದು ಹೇಳಿ.

ನಮ್ಮ ಪುರಾಣದ ಕಥೆಗಳನ್ನು ಇಂಗ್ಲಿಷ್‌ಗೆ ಮಾಡುವಾಗ ‘ಮೈಟಿ’ ಬಳಸಬಹುದಾ?

ಧಾರಾಳವಾಗಿ ಬಳಸಬಹುದು. ಈ ಪದಕ್ಕೆ ಅದು ಹೇಳಿ ಮಾಡಿಸಿದ ಜಾಗ. ಭಗವದ್ಗೀತೆಯಲ್ಲಿ ಕೃಷ್ಣ ಅರ್ಜುನನನ್ನು ‘ಮಹಾಬಾಹೋ’ ಎಂದು ಕರೆಯುತ್ತಾನಲ್ಲ, ಇಂಗ್ಲಿಷ್ ಅನುವಾದಗಳಲ್ಲಿ ಅದು ‘ಓ ಮೈಟಿ ಆರ್ಮ್ಡ್’ ಎಂದು ಬರುತ್ತದೆ. ‘ಸ್ಟ್ರಾಂಗ್ ಆರ್ಮ್ಡ್’ ಎಂದಿದ್ದರೆ ಬರೀ ತೋಳಿನ ಮಾತಾಗುತ್ತಿತ್ತು. ಭೀಮ, ಹನುಮಂತ, ಘಟೋತ್ಕಚ ಇವರಿಗೆಲ್ಲ ಈ ಪದ ಚೆನ್ನಾಗಿ ಹೊಂದುತ್ತದೆ.

ಗೋಕರ್ಣದ ಮಹಾಬಲೇಶ್ವರನ ಹೆಸರನ್ನೇ ನೋಡಿ. ನೆಲಕ್ಕೆ ಕೂತ ಆತ್ಮಲಿಂಗವನ್ನು ರಾವಣ ಎಷ್ಟು ಎಳೆದರೂ ಅಲುಗಾಡಿಸಲು ಆಗಲಿಲ್ಲ, ಅದಕ್ಕೇ ಮಹಾಬಲ ಎಂಬ ಹೆಸರು ಬಂತು ಎನ್ನುವುದು ಸ್ಥಳಪುರಾಣ. ಈ ಕಥೆಯನ್ನು ಇಂಗ್ಲಿಷ್‌ನಲ್ಲಿ ಹೇಳುವವರು ‘ಮೈಟಿ’ ಎಂದರೆ ಅರ್ಥವೂ ಉಳಿಯುತ್ತದೆ, ಗತ್ತೂ ಉಳಿಯುತ್ತದೆ.

ಉಚ್ಚಾರ ಹೇಗೆ? ಮಧ್ಯದ ‘ಜಿ’, ‘ಎಚ್’ ಅಕ್ಷರಗಳು ಯಾಕೆ ಕೇಳಿಸುವುದಿಲ್ಲ?

ಈಗಿನ ಉಚ್ಚಾರ ‘ಮೈಟಿ’. ಒತ್ತು ಮೊದಲ ಭಾಗದ ಮೇಲೆ. ‘ಜಿ’, ‘ಎಚ್’ ಎರಡೂ ಮೌನ.

ಅವು ಯಾವಾಗಲೂ ಮೌನವಾಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಈ ಪದ ಹೆಚ್ಚು ಕಡಿಮೆ ‘ಮಿಹ್ತಿಗ್’ ಎಂದಿತ್ತು. ಮಧ್ಯದಲ್ಲಿ ಗಂಟಲಿನಿಂದ ಬರುವ ಒಂದು ಉಸಿರಿನ ಧ್ವನಿ ಇತ್ತು. ಇಂಗ್ಲಿಷರು ಕಾಲಕ್ರಮದಲ್ಲಿ ಆ ಧ್ವನಿಯನ್ನು ಬಿಟ್ಟರು, ಅಕ್ಷರಗಳನ್ನು ಮಾತ್ರ ಉಳಿಸಿಕೊಂಡರು. ಜರ್ಮನ್ ಭಾಷೆಯಲ್ಲಿ ಅದು ಇನ್ನೂ ಜೀವಂತ. ಅಲ್ಲಿ ಬಲಕ್ಕೆ ‘ಮಾಖ್ಟ್’ ಎನ್ನುತ್ತಾರೆ, ಬಲಶಾಲಿಗೆ ‘ಮೆಖ್ಟಿಖ್’.

ನೈಟ್, ಲೈಟ್, ಏಟ್ ಈ ಪದಗಳಲ್ಲೂ ಇದೇ ಆಗಿದೆ. ರಾತ್ರಿಗೆ ಜರ್ಮನ್‌ನಲ್ಲಿ ‘ನಾಖ್ಟ್’. ಅದೇ ಬೇರಿನ ಸಂಸ್ಕೃತ ಪದ ‘ನಕ್ತ’. ರಾತ್ರಿ ಸಂಚರಿಸುವವರನ್ನು ನಕ್ತಂಚರ ಎನ್ನುತ್ತೇವಲ್ಲ, ಅದೇ ನಕ್ತ. ಸ್ಪೆಲ್ಲಿಂಗ್ ಬಾಯಿಪಾಠ ಮಾಡಲು ಮಕ್ಕಳು ಕಷ್ಟಪಡುತ್ತಿದ್ದರೆ ಇದನ್ನು ಹೇಳಿ ನೋಡಿ. ಆ ಎರಡು ಅಕ್ಷರ ಸುಮ್ನೆ ಬಂದು ಕೂತಿಲ್ಲ ಎಂದು ಗೊತ್ತಾದರೆ ಮರೆಯುವುದಿಲ್ಲ.

‘ಮಹಾ’ ಮತ್ತು ‘ಮೈಟಿ’ ಒಂದೇ ಬೇರಿನ ಪದಗಳಾ?

ನೋಡಲು ಹಾಗೆ ಅನಿಸುತ್ತದೆ, ಆದರೆ ‘ಮಹಾ’ದ ಹತ್ತಿರದ ನಂಟರು ಬೇರೆ. ಗ್ರೀಕ್‌ನಿಂದ ಬಂದ ‘ಮೆಗಾ’, ಲ್ಯಾಟಿನ್‌ನ ‘ಮ್ಯಾಗ್ನಸ್’, ಇಂಗ್ಲಿಷ್‌ನ ‘ಮಚ್’, ಇವು ‘ಮಹಾ’ದ ಬಳಗ. ‘ಮೈಟಿ’ ಹುಟ್ಟಿದ್ದು ‘ಶಕ್ತವಾಗು, ಸಾಧ್ಯವಾಗು’ ಎಂಬ ಅರ್ಥದ ಇನ್ನೊಂದು ಬೇರಿನಿಂದ.

ಹಾಗಾದರೆ ‘ಇಟ್ ಮೈಟ್ ರೇನ್’ ಎನ್ನುವಾಗಿನ ‘ಮೈಟ್’ಗೂ ಬಲಕ್ಕೂ ಏನಾದರೂ ಸಂಬಂಧ?

ಇದೆ. ಎರಡೂ ಒಂದೇ ಮೂಲದವು. ‘ಮೇ’ ಎಂಬ ಸಹಾಯಕ ಕ್ರಿಯಾಪದಕ್ಕೆ ಹಿಂದೆ ‘ಮಾಡುವ ಶಕ್ತಿ ಇದೆ’ ಎಂಬ ಅರ್ಥವಿತ್ತು. ‘ಮೈಟ್’ ಅದರ ಭೂತಕಾಲದ ರೂಪ. ಬರಬರುತ್ತ ಶಕ್ತಿಯ ಅರ್ಥ ಸವೆದು ‘ಆಗಬಹುದು’ ಎಂಬ ಅರ್ಥ ಮಾತ್ರ ಉಳಿಯಿತು.

ಕನ್ನಡದಲ್ಲಿ ‘ಬಲ್ಲಿದ’ ಮತ್ತು ‘ಮಾಡಬಲ್ಲೆ’ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಬಲ, ಇನ್ನೊಂದರಲ್ಲಿ ಮಾಡುವ ಸಾಮರ್ಥ್ಯ. ಬಲಕ್ಕೂ ‘ಆಗುತ್ತದೆ’ ಎನ್ನುವುದಕ್ಕೂ ಇರುವ ನಂಟು ನಮಗೆ ಅಪರಿಚಿತವಲ್ಲ.

‘ಮೈಟಿ ಫೈನ್’, ‘ಮೈಟಿ ಹಂಗ್ರಿ’ ಎಂದು ಸಿನಿಮಾಗಳಲ್ಲಿ ಕೇಳಿದ್ದೇನೆ. ಅದು ತಪ್ಪು ಇಂಗ್ಲಿಷ್ ಅಲ್ವಾ?

ತಪ್ಪಲ್ಲ. ಅಲ್ಲಿ ‘ಮೈಟಿ’ಯ ಕೆಲಸ ಬೇರೆ. ‘ವೆರಿ’ ಎಂಬ ಅರ್ಥದಲ್ಲಿ ಮುಂದಿನ ಪದಕ್ಕೆ ಒತ್ತು ಕೊಡುತ್ತದೆ. ‘ಮೈಟಿ ಹಂಗ್ರಿ’ ಎಂದರೆ ಭಾರೀ ಹಸಿವು. ಈಗ ಇದು ಅಮೆರಿಕದ, ಅದರಲ್ಲೂ ದಕ್ಷಿಣ ಭಾಗದ, ಆಡುಮಾತಿನ ಗುರುತು. ಆದರೆ ಬಳಕೆ ಹೊಸದಲ್ಲ. 1660ರ ದಶಕದಲ್ಲಿ ಲಂಡನ್ನಿನಲ್ಲಿ ದಿನಚರಿ ಬರೆದಿಟ್ಟ ಸ್ಯಾಮ್ಯುಯೆಲ್ ಪೀಪ್ಸ್ ಇದನ್ನು ಮತ್ತೆ ಮತ್ತೆ ಬಳಸಿದ್ದಾನೆ. ಖುಷಿಯಾಗಿದ್ದ ದಿನ ‘ಮೈಟಿ ಮೆರಿ’ ಎಂದು ಬರೆದುಕೊಳ್ಳುತ್ತಿದ್ದ.

ಕನ್ನಡಿಗರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಬಾರದು. ‘ಬಲು’ ಎಂಬುದಕ್ಕೆ ಬಲ, ಹಿರಿಮೆ ಎಂಬ ಅರ್ಥವೂ ಇದೆ, ‘ಬಲು ಚೆಂದ’ ಎನ್ನುವಾಗ ‘ತುಂಬಾ’ ಎಂಬ ಅರ್ಥವೂ ಇದೆ. ‘ಭಾರೀ’ ಕೂಡ ಅದೇ ದಾರಿ ಹಿಡಿದಿದೆ. ತೂಕದ ಮಾತು ‘ಭಾರೀ ಲಾಯ್ಕ’ ಎನ್ನುವಾಗ ಬರೀ ಒತ್ತಾಗಿದೆ. ಕಥೆಯ ಪಾತ್ರ ‘ದಟ್ಸ್ ಮೈಟಿ ಕೈಂಡ್ ಆಫ್ ಯು’ ಎಂದರೆ ‘ಬಲು ಉಪಕಾರವಾಯಿತಪ್ಪ’ ಎಂದು ಕನ್ನಡಕ್ಕೆ ತನ್ನಿ. ‘ಬಲಶಾಲಿ ದಯೆ’ ಎಂದು ಮಾತ್ರ ಬರೆಯಬೇಡಿ.

ಕಚೇರಿಯ ಪತ್ರದಲ್ಲಿ, ಪರೀಕ್ಷೆಯಲ್ಲಿ ಈ ಬಳಕೆ ಬೇಡ.

‘ಆಲ್‌ಮೈಟಿ’ ಬರೀ ದೇವರಿಗೆ ಮಾತ್ರವಾ?

ಮೊದಲಿಗೆ ಹಾಗೆಯೇ. ಹಳೆಯ ಇಂಗ್ಲಿಷ್‌ನಲ್ಲಿ ಕ್ರೈಸ್ತ ಧರ್ಮದ ಬರಹಗಳು ಬರುವಾಗ ಲ್ಯಾಟಿನ್‌ನ ‘ಆಮ್ನಿಪೊಟೆನ್ಸ್’ ಎಂಬುದಕ್ಕೆ ಸಾಟಿಯಾಗಿ ಈ ಪದ ನಿಂತಿತು. ಎಲ್ಲವನ್ನೂ ಮಾಡಬಲ್ಲವನು ಎಂದರ್ಥ. ಕನ್ನಡ ಬೈಬಲ್‌ನಲ್ಲಿ ಇದು ‘ಸರ್ವಶಕ್ತ’. ‘ದ’ ಸೇರಿಸಿ ದೊಡ್ಡ ಅಕ್ಷರದಲ್ಲಿ ಬರೆದರೆ ದೇವರು ಎಂದೇ ಅರ್ಥ. ನಮ್ಮ ಮದುವೆಯ ಇಂಗ್ಲಿಷ್ ಕರೆಯೋಲೆಗಳಲ್ಲಿ, ಪತ್ರಿಕೆಯ ಶ್ರದ್ಧಾಂಜಲಿಗಳಲ್ಲಿ ‘ದ ಆಲ್‌ಮೈಟಿ’ ಬರುವುದು ಹೀಗೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮನೆಗಳಲ್ಲಿ ಯಾರಿಗೂ ತೊಂದರೆ ಇಲ್ಲದೆ ಒಪ್ಪುವ ಪದ ಇದು.

ಆಮೇಲೆ ಇದು ಬೀದಿಗೂ ಇಳಿಯಿತು. ಬ್ರಿಟನ್ನಿನ ಆಡುಮಾತಿನಲ್ಲಿ ‘ಆನ್ ಆಲ್‌ಮೈಟಿ ರೋ’ ಎಂದರೆ ದೊಡ್ಡ ರಂಪ. ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1830ರ ದಶಕದಲ್ಲಿ ‘ಆಲ್‌ಮೈಟಿ ಡಾಲರ್’ ಎಂದು ಬರೆದ. ದೇವರ ಜಾಗದಲ್ಲಿ ದುಡ್ಡನ್ನು ಕೂರಿಸಿ ಪೂಜಿಸುವವರನ್ನು ಚುಚ್ಚಲು ಹೇಳಿದ ಮಾತು ಅದು. ‘ಗಾಡ್ ಆಲ್‌ಮೈಟಿ!’ ಎಂದು ಬೆಚ್ಚಿಬಿದ್ದಾಗ ಉದ್ಗಾರ ತೆಗೆಯುವುದೂ ಇದೆ. ದೈವಭಕ್ತರ ಎದುರು ಅದನ್ನು ಬಿಡುವುದೇ ಒಳ್ಳೆಯದು, ಕೆಲವರಿಗೆ ನೋವಾಗುತ್ತದೆ.

‘ಹೈ ಅಂಡ್ ಮೈಟಿ’ ಎಂದು ನನ್ನನ್ನು ಯಾರೋ ಅಂದರು. ಹೊಗಳಿದರಾ?

ಇಲ್ಲ. ಈಗಿನ ಬಳಕೆಯಲ್ಲಿ ಅದು ಜಂಬದವರಿಗೆ ಹೇಳುವ ಮಾತು. ಧಿಮಾಕು ತೋರಿಸುವವರು, ತಾವೇ ಮೇಲು ಎಂದು ನಡೆದುಕೊಳ್ಳುವವರು, ನೆಲದ ಮೇಲೆ ಕಾಲೇ ಇಡದವರು ಎಂದರ್ಥ. ಹಿಂದೆ ದೊರೆಗಳನ್ನು ಸಂಬೋಧಿಸಲು ಇದೇ ಜೋಡಿಪದವನ್ನು ಗೌರವದಿಂದ ಬಳಸುತ್ತಿದ್ದ ಕಾಲವೂ ಇತ್ತು. ಈಗ ಹಾಗೆ ಬಳಸಲು ಹೋಗಬೇಡಿ. ಮುಖ್ಯ ಅತಿಥಿಯನ್ನು ಇಂಗ್ಲಿಷ್‌ನಲ್ಲಿ ಸ್ವಾಗತಿಸುವಾಗಲಂತೂ ಖಂಡಿತ ಬೇಡ.

‘ಹೌ ದ ಮೈಟಿ ಹ್ಯಾವ್ ಫಾಲನ್’ ಎಂಬಲ್ಲಿ ‘ಹ್ಯಾಸ್’ ಯಾಕಿಲ್ಲ?

‘ದ ರಿಚ್’, ‘ದ ಪೂರ್’ ಇದ್ದ ಹಾಗೆ ‘ದ ಮೈಟಿ’ ಎಂದರೆ ಬಲವುಳ್ಳವರೆಲ್ಲ ಎಂದರ್ಥ. ಬಹುವಚನ. ಅದಕ್ಕೇ ‘ಹ್ಯಾವ್’.

ಈ ಮಾತಿನ ಮೂಲ ಬೈಬಲ್. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ‘ಹೌ ಆರ್ ದ ಮೈಟಿ ಫಾಲನ್’ ಎಂದಿದೆ. ರಾಜ ಸೌಲ ಮತ್ತು ಅವನ ಮಗ ಯೋನಾತಾನ ಯುದ್ಧದಲ್ಲಿ ಸತ್ತಾಗ ದಾವೀದ ಹಾಡಿದ ಶೋಕಗೀತೆಯ ಸಾಲು ಅದು. ಯೋನಾತಾನ ಅವನ ಜೀವದ ಗೆಳೆಯ. ಹಾಗಾಗಿ ಮೂಲದಲ್ಲಿ ಇರುವುದು ನಿಜವಾದ ದುಃಖ. ಈಗಿನ ಬಳಕೆಯಲ್ಲಿ ದುಃಖ ಹೋಗಿ ವ್ಯಂಗ್ಯ ಬಂದಿದೆ. ಮೆರೆದಾಡಿದವರು ಕೆಳಗೆ ಬಿದ್ದಾಗ, ಸೋತಾಗ ಆಡಿಕೊಳ್ಳುವ ಮಾತಾಗಿದೆ. ಸಂತಾಪದ ಪತ್ರದಲ್ಲಿ ಬಳಸಿದರೆ ಅಪಾರ್ಥವಾಗುತ್ತದೆ.

‘ಮೈಟಿ’ ಎಂದು ಹೊಗಳಿದ ಮೇಲೆ ಕಥೆಯಲ್ಲಿ ಅವರು ಸೋಲುವುದೇ ಜಾಸ್ತಿ. ಇದು ಬರೀ ನನ್ನ ಭ್ರಮೆಯಾ?

ಭ್ರಮೆಯಲ್ಲ. ಎಲ್ಲ ಕಡೆ ಹೀಗಾಗುತ್ತದೆ ಅಂತ ಹೇಳಲಾರೆ, ಆದರೆ ಗಮನಿಸಲೇಬೇಕಾದ ಬಳಕೆ ಇದು. ಸಣ್ಣವನು ದೊಡ್ಡವನನ್ನು ಉರುಳಿಸಿದ ಕಥೆ ಹೇಳುವಾಗ ದೊಡ್ಡವನ ಹೆಸರಿನ ಮುಂದೆ ‘ಮೈಟಿ’ ಬಂದು ಕೂರುತ್ತದೆ. ಎದುರಾಳಿ ಎಷ್ಟು ಎತ್ತರವಿದ್ದನೋ ಗೆದ್ದವನ ಗೆಲುವು ಅಷ್ಟು ದೊಡ್ಡದು ಅಲ್ವಾ?

1983ರ ಜೂನ್ 25ರ ವಿಶ್ವಕಪ್ ಫೈನಲ್ ಬಗ್ಗೆ ಇಂಗ್ಲಿಷ್‌ನಲ್ಲಿ ಏನೇ ಓದಿ, ‘ದ ಮೈಟಿ ವೆಸ್ಟ್ ಇಂಡೀಸ್’ ಸಿಕ್ಕೇ ಸಿಗುತ್ತದೆ. 1975, 1979 ಎರಡೂ ಕಪ್ ಗೆದ್ದ ತಂಡ ಅದು. ಲಾರ್ಡ್ಸ್‌ನಲ್ಲಿ ಭಾರತ 183ಕ್ಕೆ ಆಲೌಟ್ ಆದಾಗ ಎಲ್ಲ ಮುಗಿಯಿತು ಎಂದುಕೊಂಡವರೇ ಹೆಚ್ಚು. ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ, ರೋಜರ್ ಬಿನ್ನಿ ಇದ್ದ ಆ ತಂಡ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿತು. ಇಲ್ಲಿ ‘ಮೈಟಿ’ ತೆಗೆದು ‘ಸ್ಟ್ರಾಂಗ್’ ಹಾಕಿ ನೋಡಿ. ಗೆಲುವಿನ ಎತ್ತರವೇ ಕುಸಿಯುತ್ತದೆ.

ಹರ್ಷವರ್ಧನನ ವಿಷಯವೂ ಹಾಗೆಯೇ. ಉತ್ತರ ಭಾರತವನ್ನು ಆಳಿದ ಆ ದೊರೆಯನ್ನು ಬಾದಾಮಿಯ ಇಮ್ಮಡಿ ಪುಲಿಕೇಶಿ ತಡೆದ. ಹರ್ಷನ ಹರ್ಷವೇ ಇಳಿದುಹೋಯಿತು ಎಂದು ರವಿಕೀರ್ತಿ ಐಹೊಳೆಯ ಶಾಸನದಲ್ಲಿ ಬರೆದಿದ್ದಾನೆ. ಶಾಸನದ ಕಾಲ 634. ಈ ಪ್ರಸಂಗವನ್ನು ಇಂಗ್ಲಿಷ್‌ನಲ್ಲಿ ಹೇಳುವವರಿಗೆ ‘ದ ಮೈಟಿ ಹರ್ಷ’ ಎನ್ನಲು ಮನಸ್ಸಾಗುವುದು ಸಹಜ.

ಬ್ರಿಟಿಷರು ‘ಮೈಟಿ ಹುಡ್’ ಎಂದು ಪ್ರೀತಿಯಿಂದ ಕರೆದ ಯುದ್ಧನೌಕೆಯೂ ಒಂದಿತ್ತು. ಸುಮಾರು ಎರಡು ದಶಕ ಅದು ಅವರ ನೌಕಾಪಡೆಯ ಹೆಮ್ಮೆ. 1941ರ ಮೇ 24ರಂದು ಜರ್ಮನಿಯ ಬಿಸ್ಮಾರ್ಕ್ ನೌಕೆಯ ಜೊತೆಗಿನ ಕಾಳಗದಲ್ಲಿ ಕೆಲವೇ ನಿಮಿಷಗಳಲ್ಲಿ ಸ್ಫೋಟಗೊಂಡು ಮುಳುಗಿತು. ಹಡಗಿನಲ್ಲಿದ್ದ 1,418 ಮಂದಿಯಲ್ಲಿ ಬದುಕಿದ್ದು ಮೂವರು ಮಾತ್ರ. ಆ ಹೆಸರು ಈಗಲೂ ಉಳಿದಿದೆ, ಆದರೆ ಅದನ್ನು ಹೇಳುವಾಗ ದನಿಯಲ್ಲಿ ಭಾರ ಇರುತ್ತದೆ.

ಗೆದ್ದ ಹಡಗಿಗೂ ಈ ಬಿರುದು ಸಿಕ್ಕಿದೆ. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಅಮೆರಿಕದ ಮಿಸ್ಸೌರಿ ನೌಕೆಯ ಮೇಲೆ. ಅದರ ಅಡ್ಡಹೆಸರು ‘ಮೈಟಿ ಮೋ’.

ಚಿಕ್ಕ ವಸ್ತುವಿಗೆ ‘ಮೈಟಿ’ ಎನ್ನಬಹುದಾ?

‘ಸ್ಮಾಲ್ ಬಟ್ ಮೈಟಿ’ ಎಂಬ ಮಾತೇ ಇದೆ. ಅಳತೆಯಲ್ಲಿ ಸಣ್ಣದು, ಕೆಲಸದಲ್ಲಿ ದೊಡ್ಡದು. ನಮ್ಮ ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಇದಕ್ಕೆ ಸರಿಯಾದ ಜೋಡಿ. ಸಣ್ಣ ತಂಡ, ಸಣ್ಣ ಊರು, ಕುಳ್ಳ ಆಟಗಾರ ಇವರ ಬಗ್ಗೆ ಪ್ರೀತಿಯಿಂದ ಹೇಳಬಹುದು. 1940ರ ದಶಕದಲ್ಲಿ ಬಂದ ‘ಮೈಟಿ ಮೌಸ್’ ಎಂಬ ಕಾರ್ಟೂನ್ ಇಲಿಯ ಹೆಸರಿನಲ್ಲಿರುವ ತಮಾಷೆಯೂ ಇದೇ.

‘ದ ಪೆನ್ ಈಸ್ ಮೈಟಿಯರ್’ ಎನ್ನುತ್ತಾರೆ. ‘ಮೋರ್ ಮೈಟಿ’ ತಪ್ಪಾ?

ಮೈಟಿಯರ್, ಮೈಟಿಯೆಸ್ಟ್ ಇವೇ ರೂಢಿಯ ರೂಪಗಳು. ಬರೆಯುವಾಗ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ. ‘ಮೋರ್ ಮೈಟಿ’ ಎಂದರೆ ಅರ್ಥವಾಗುತ್ತದೆ, ಆದರೆ ಕೇಳಲು ಎಡವಟ್ಟು. ‘ಮೈಟಿಲಿ’ ಎಂಬ ಕ್ರಿಯಾವಿಶೇಷಣ ಕೂಡ ಇದೆ. ‘ಮೈಟಿಲಿ ರಿಲೀವ್ಡ್’ ಎಂದರೆ ದೊಡ್ಡ ಹೊರೆ ಇಳಿದಂತೆ ಹಗುರಾದರು ಎಂದು.

ಗಾದೆಯಂತೆ ಬಳಸುವ ಈ ಮಾತನ್ನು ಬರೆದದ್ದು ಎಡ್ವರ್ಡ್ ಬುಲ್ವರ್ ಲಿಟ್ಟನ್, 1839ರ ಒಂದು ನಾಟಕದಲ್ಲಿ. ಕನ್ನಡಕ್ಕೆ ತಂದವರ ಜಾಣತನ ನನಗೆ ತುಂಬಾ ಇಷ್ಟ. ‘ಖಡ್ಗಕ್ಕಿಂತ ಲೇಖನಿ ಬಲಿಷ್ಠ’ ಎನ್ನಲಿಲ್ಲ. ‘ಖಡ್ಗಕ್ಕಿಂತ ಲೇಖನಿ ಹರಿತ’ ಎಂದರು. ಕತ್ತಿಯ ಗುಣ ಹರಿತ. ಪೆನ್ನಿನ ಮೊನೆಗೂ ಅದು ಒಪ್ಪುತ್ತದೆ. ಪಕ್ಕದಲ್ಲಿರುವ ಪದ ನೋಡಿ ಆರಿಸುವುದು ಎಂದರೆ ಇದೇ.

‘ವಿತ್ ಮೈಟ್ ಅಂಡ್ ಮೇನ್’ ಎಂಬಲ್ಲಿ ‘ಮೇನ್’ ಯಾಕೆ ಬಂತು?

ಇದು ‘ಮುಖ್ಯ’ ಎಂಬ ಅರ್ಥದಲ್ಲಿ ಬಂದದ್ದಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಈ ‘ಮೇನ್’ಗೂ ಬಲ ಎಂದೇ ಅರ್ಥ. ಒಂದೇ ಅರ್ಥದ ಎರಡು ಪದ ಜೋಡಿಸಿ ಒತ್ತು ಕೊಟ್ಟಿದ್ದಾರೆ. ಶಕ್ತಿಮೀರಿ, ಮೈಯ ಬಲವನ್ನೆಲ್ಲ ಹಾಕಿ ಎಂದು ಕನ್ನಡದಲ್ಲಿ ಹೇಳಬಹುದು.

ಕೆಲಸದ ಅರ್ಜಿ, ಪ್ರಬಂಧ, ವರದಿಗಳಲ್ಲಿ ಬಳಸಬಹುದಾ?

ಕೆಲಸದ ಅರ್ಜಿಯಲ್ಲಿ ಬೇಡ. ‘ಮೈಟಿ ಸ್ಕಿಲ್ಸ್’ ಎಂದರೆ ಓದುವವರು ನಗುತ್ತಾರೆ. ಅಲ್ಲಿ ‘ಸ್ಟ್ರಾಂಗ್’ ಸಾಕು. ವಿಜ್ಞಾನದ ವರದಿಯಲ್ಲೂ ಬೇಡ, ಅಲ್ಲಿ ‘ಪವರ್‌ಫುಲ್’ ಹಾಕಿ ಅಥವಾ ನೇರವಾಗಿ ಅಂಕಿ ಕೊಡಿ.

ಇತಿಹಾಸದ ಪ್ರಬಂಧದಲ್ಲಿ ವಿಜಯನಗರದಂಥ ಸಾಮ್ರಾಜ್ಯದ ಬಗ್ಗೆ ಒಂದು ಸಲ ಬಳಸಿದರೆ ಚೆನ್ನ. ಪ್ರತಿ ಪ್ಯಾರಾದಲ್ಲೂ ಹಾಕಿದರೆ ಪದದ ತೂಕ ಹೋಗುತ್ತದೆ. ಕಥೆ, ಕವಿತೆ, ಭಾಷಣ, ಕ್ರೀಡಾವರದಿಗಳಲ್ಲಿ ಸ್ವಲ್ಪ ಧೈರ್ಯವಾಗಿ ಬಳಸಿ. ‘ವೆರಿ ಮೈಟಿ’ ಎಂದು ಮಾತ್ರ ಬರೆಯಬೇಡಿ. ಪದದೊಳಗೇ ‘ತುಂಬಾ’ ಇದೆ, ಮತ್ತೊಂದು ಬೇಕಾಗುವುದಿಲ್ಲ.